ಫ್ಯೂಯಲ್ ಪಂಪ್ ಓಡ್ತಿಲ್ವಾ? ಬಿಚ್ಚೋಕೆ ಮುಂಚೆ ಕರೆಂಟ್ ನೋಡಿ

ಇಂಜಿನ್ ತಿರುಗುತ್ತೆ ಆದ್ರೆ ಸ್ಟಾರ್ಟ್ ಆಗಲ್ಲ ಅಂದ್ರೆ ತುಂಬಾ ಜನ ಸೀದಾ ಹೊಸ ಫ್ಯೂಯಲ್ ಪಂಪ್ (ಟ್ಯಾಂಕಿಂದ ಇಂಜಿನ್ನಿಗೆ ಪೆಟ್ರೋಲ್ ಕಳಿಸೋದು) ಹಾಕಿಸ್ತಾರೆ, ಆಮೇಲೂ ಗಾಡಿ ಹಂಗೇ ನಿಂತಿರುತ್ತೆ. ನಾನೂ ಒಂದ್ಸಲ ಹಂಗೆ ಮಾಡಿ ಬೇಸ್ತು ಬಿದ್ದಿದೀನಿ, ಕೊನೆಗೆ ನೋಡಿದ್ರೆ ತುಕ್ಕು ಹಿಡಿದ ಅರ್ಥ್ ಬೋಲ್ಟು (ಮೈನಸ್ ವೈರನ್ನ ಗಾಡಿ ಬಾಡಿಗೆ ಬಿಗಿಯೋದು).

ಮೊದ್ಲು ಕೀ ಆನ್ ಮಾಡಿ ಹಿಂದಿನ ಸೀಟ್ ಹತ್ರ ಕಿವಿ ಕೊಡಿ. ಹೆಚ್ಚಿನ ಗಾಡಿಗಳಲ್ಲಿ ಪಂಪು 2-3 ಸೆಕೆಂಡ್ ಗುಂಯ್ ಅಂದು ನಿಲ್ಲುತ್ತೆ. ಸದ್ದು ಬಂದ್ರೆ ಪೆಟ್ರೋಲ್ ಪ್ರೆಶರ್ ಕಡೆ ನೋಡಿ, ಬರ್ಲಿಲ್ಲ ಅಂದ್ರೆ ಫ್ಯೂಸ್. ಫ್ಯೂಸ್ ಸುಟ್ಟಿದ್ರೆ ದೊಡ್ಡ ಆಂಪ್ಸಿಂದು ಹಾಕೋ ಬುದ್ಧಿವಂತಿಕೆ ಬೇಡ, ಎಲ್ಲೋ ವೈರ್ ಶಾರ್ಟ್ ಆಗಿರುತ್ತೆ ಇಲ್ಲಾ ಪಂಪ್ ಜಾಮ್ ಆಗಿರುತ್ತೆ.

ಆಮೇಲೆ ರಿಲೇ, ಅಂದ್ರೆ ಸಣ್ಣ ಕರೆಂಟಿಂದ ಪಂಪಿನ ದೊಡ್ಡ ಕರೆಂಟನ್ನ ಆನ್ ಮಾಡೋ ಸ್ವಿಚ್. ಹಾರ್ನ್ ರಿಲೇ ಅದೇ ನಂಬರಿಂದಾದ್ರೆ ಅದಲು ಬದಲು ಮಾಡಿ ನೋಡಿ. ಟಿಕ್ ಅಂತು ಅಂದ ಮಾತ್ರಕ್ಕೆ ರಿಲೇ ಚೆನ್ನಾಗಿದೆ ಅಂತಲ್ಲ, ಒಳಗಿನ ಕಾಂಟ್ಯಾಕ್ಟ್ ಸುಟ್ಟಿದ್ರೂ ಟಿಕ್ ಅನ್ನುತ್ತೆ. ರಿಲೇ ಕಿತ್ತು ಸಾಕೆಟ್‌ನ 30ನೇ ಪಿನ್‌ನಲ್ಲಿ (ಬ್ಯಾಟರಿಯಿಂದ ಕರೆಂಟ್ ಬರೋದು) ಬ್ಯಾಟರಿ ವೋಲ್ಟೇಜ್ ಇದ್ಯಾ ನೋಡಿ, ಇದ್ರೆ 30 ಮತ್ತೆ 87ನ್ನ (ಪಂಪ್ ಕಡೆ ಹೋಗೋದು) ಫ್ಯೂಸ್ ಇರೋ ವೈರಲ್ಲಿ ಜೋಡಿಸಿ, ಇದೇ ಜಂಪರ್. ಪಂಪ್ ಓಡಿದ್ರೆ ತೊಂದ್ರೆ ರಿಲೇಲಿ ಇಲ್ಲಾ ಅದನ್ನ ಆನ್ ಮಾಡೋ ಇಸಿಯು (ಇಂಜಿನ್ ಕಂಪ್ಯೂಟರ್) ಕಡೆ, ಅಂದ್ರೆ ಇಂಜಿನ್ ತಿರುಗ್ತಿದೆ ಅಂತ ಹೇಳೋ ಕ್ರ್ಯಾಂಕ್ ಸೆನ್ಸರ್, ಸರಿಯಾದ ಕೀ ಇಲ್ಲ ಅಂದ್ರೆ ಗಾಡಿ ತಡೆಯೋ ಇಮ್ಮೊಬಿಲೈಜರ್ ಈ ಥರ. (ಪಂಪ್‌ಗೆ ಬೇರೆ ಕಂಟ್ರೋಲ್ ಮಾಡ್ಯೂಲ್ ಇರೋ ಗಾಡಿಗೆ ಈ ಜಂಪರ್ ಕೆಲಸ ಬೇಡ, ವೈರಿಂಗ್ ಡಯಾಗ್ರಾಂ ನೋಡಿಕೊಳ್ಳಿ.)

ಜಂಪರ್ ಹಾಕಿದ್ರೂ ಓಡಲ್ಲ ಅಂದ್ರೆ ಮಾತ್ರ ಟ್ಯಾಂಕ್ ಕಡೆ ಹೋಗಿ. ಪೆಟ್ರೋಲ್ ವಾಸನೆ ಬರ್ತಿದ್ರೆ ಕೈ ಹಾಕ್ಬೇಡಿ, ಒಂದು ಕಿಡಿ ಸಾಕು. ಇಲ್ಲೇ ಎಲ್ರೂ ಎಡವೋದು, ಕನೆಕ್ಟರ್ ಬಿಚ್ಚಿ ಮೀಟರ್ ಇಟ್ರೆ 12.4 ವೋಲ್ಟ್ ತೋರಿಸುತ್ತೆ, ಸಪ್ಲೈ ಇದೆ ಪಂಪೇ ಹೋಗಿದೆ ಅಂತ ತೀರ್ಮಾನ. ಮೀಟರ್ ಕರೆಂಟೇ ಎಳೆಯಲ್ಲ, ವೈರಲ್ಲಿ ಒಂದೇ ಎಳೆ ಉಳಿದಿದ್ರೂ ಪೂರ್ತಿ ವೋಲ್ಟೇಜ್ ತೋರಿಸಿಬಿಡುತ್ತೆ. ಅದಕ್ಕೇ ಕನೆಕ್ಟರ್ ಹಾಕಿಟ್ಟೇ, ಜಂಪರ್ ಇರುವಾಗ್ಲೇ, ಹಿಂದಿನಿಂದ ತೆಳು ಪಿನ್ ತೂರಿಸಿ ಅಳೀಬೇಕು. ಬ್ಯಾಟರಿ ಪ್ಲಸ್‌ನಿಂದ ಪಂಪ್ ಪ್ಲಸ್‌ಗೆ ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದ್ರೆ ಆ ದಾರೀಲೇ ಎಲ್ಲೋ ತಡೆ ಇದೆ. ಪಂಪ್ ಮೈನಸ್‌ನಿಂದ ಬ್ಯಾಟರಿ ಮೈನಸ್‌ಗೂ ಹಂಗೇ, 0.2 ಆಸುಪಾಸು ದಾಟಿದ್ರೆ ಅರ್ಥ್ ಬೋಲ್ಟ್ ಬಿಚ್ಚಿ ಕೆಳಗಿನ ಲೋಹ ಹೊಳೆಯೋ ತನಕ ಉಜ್ಜಿ.

ಇಷ್ಟಾದ್ರೂ ಪಂಪ್ ಪಿನ್‌ಗಳ ಮಧ್ಯೆ 12 ವೋಲ್ಟ್ ಸಿಗ್ತಾ ಪಂಪ್ ಸುಮ್ನಿದ್ರೆ ಆಗ ಹೊಸದು ತನ್ನಿ, ಹಳೇ ಕನೆಕ್ಟರ್ ಕಪ್ಪಾಗಿದ್ರೆ ಇಲ್ಲಾ ಕರಗಿದ್ರೆ ಅದನ್ನೂ ಬದಲಾಯಿಸಿ.