ಹಿಂಬಾಗಿಲಿನ ಸ್ಟೆಪ್ನಿ ಕ್ಯಾರಿಯರ್: ಬೋಲ್ಟ್ ತೂತಿನ ತುಕ್ಕು ನಿಂತದ್ದು ಹೀಗೆ

ಗಾಡಿಯ ಹಿಂಬಾಗಿಲಿಗೆ ತೂತು ಕೊರೆದು ಸ್ಟೆಪ್ನಿ ಕ್ಯಾರಿಯರ್ ಕೂರಿಸಿದ ಮೇಲೆ ಪ್ರತಿ ಮಳೆಗೂ ಬೋಲ್ಟ್ ಕೆಳಗಿನಿಂದ ಕಂದು ಗೆರೆ ಇಳಿಯುತ್ತಿತ್ತು. ಹೊರಗಿನಿಂದ ಸಿಲಿಕಾನ್ ಬಳಿದರೆ ನೀರು ಒಳಗೇ ಉಳಿಯಿತು. ತುಕ್ಕಿನ ಮೇಲೆ ಸ್ಪ್ರೇ ಪೇಂಟ್ ಹೊಡೆದದ್ದು ಗುಳ್ಳೆ ಎದ್ದಿತು. ಬೋಲ್ಟ್ ಇನ್ನಷ್ಟು ಬಿಗಿದಾಗ ತಗಡೇ ಒಳಕ್ಕೆ ಕುಸಿದು, ಆ ತಗ್ಗಿನಲ್ಲಿ ನೀರು ನಿಂತಿತು.

ತಪ್ಪು ಇದ್ದದ್ದು ತೂತಿನ ಅಂಚಿನಲ್ಲಿ: ಡ್ರಿಲ್ ಕೊರೆದ ಜಾಗ ಬಣ್ಣವಿಲ್ಲದ ಬರಿ ಉಕ್ಕು. ಬಾಗಿಲೊಳಗೆ ಉದುರಿದ ಡ್ರಿಲ್ ಚೂರುಗಳೂ ತುಕ್ಕು ಹಿಡಿದು ತಳದಲ್ಲಿ ನೀರು ಇಳಿದುಹೋಗುವ ತೂತುಗಳನ್ನು ಮುಚ್ಚಿದ್ದವು.

ಎಲ್ಲ ಬಿಚ್ಚಿ, ಚೂರುಗಳನ್ನು ಅಯಸ್ಕಾಂತದಿಂದ ಎತ್ತಿ, ನೀರು ಇಳಿಯುವ ತೂತುಗಳನ್ನು ತಂತಿಯಿಂದ ಬಿಡಿಸಿದೆ. ಅಂಚನ್ನು ಉರುಟು ಅರದಿಂದ ಉಜ್ಜಿ, ಹೊಳೆಯುವ ಲೋಹ ಕಂಡ ಮೇಲೆ ಥಿನ್ನರಿನಲ್ಲಿ ಒರೆಸಿದೆ. ಸಣ್ಣ ಬ್ರಷ್‌ನಲ್ಲಿ ಎಪಾಕ್ಸಿ ಪ್ರೈಮರ್ (ತುಕ್ಕು ತಡೆಯುವ ತಳಬಣ್ಣ) ಎರಡು ಕೋಟ್, ತೂತಿನ ಒಳಗೋಡೆಗೂ; ಒಂದು ದಿನ ಬಿಟ್ಟು ಪೇಂಟ್.

ಬಾಗಿಲಿನ ಒಳ-ಹೊರ ಎರಡು ತಗಡಿನ ನಡುವೆ ಬೋಲ್ಟ್ ಸುತ್ತ ಉಕ್ಕಿನ ಕೊಳವೆ ತುಂಡು, ಒಳಬದಿಗೆ 3 ಮಿ.ಮೀ. ಪ್ಲೇಟ್. ಕೊಳವೆಯ ಉದ್ದ ತಗಡುಗಳ ನಡುವಿನ ಅಂತರಕ್ಕೆ ಸರಿಯಾಗಿರಬೇಕು. ಗಿಡ್ಡವಾದರೆ ತಗಡು ಮತ್ತೆ ಕುಸಿಯುತ್ತದೆ. ತೂತಿನ ಸುತ್ತ ಪಿಯು (ಪಾಲಿಯುರೆಥೇನ್) ಸೀಲೆಂಟ್ ಹಚ್ಚಿ, ಎಲ್ಲ ಬೋಲ್ಟ್ ಕೈಬಿಗಿ ಮಾಡಿ, ಎದುರುಬದುರು ಮೂಲೆಯ ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಬಿಗಿದೆ, ಎಂ10 (10 ಮಿ.ಮೀ. ದಪ್ಪ), 8.8 ಬಲದರ್ಜೆಯ ಬೋಲ್ಟ್‌ಗೆ 45 ನ್ಯೂಟನ್ ಮೀಟರ್. ಸೀಲೆಂಟ್ ಒಣಗಿದ ಮೇಲಷ್ಟೇ ಬಾಗಿಲೊಳಗೆ ಕ್ಯಾವಿಟಿ ವ್ಯಾಕ್ಸ್ (ಪೊಳ್ಳು ಭಾಗಕ್ಕೆ ಹೊಡೆಯುವ ತುಕ್ಕುತಡೆ ಮೇಣ), ನೀರು ಇಳಿಯುವ ತೂತು ಬಿಟ್ಟು. ವ್ಯಾಕ್ಸ್ ಮೊದಲು ಹೊಡೆದರೆ ಸೀಲೆಂಟ್ ಹಿಡಿಯುವುದೇ ಇಲ್ಲ.