ಹುಲ್ಲಿನ ಪೆಟ್ಟಿಗೆಯಲ್ಲಿ ಬೆಂದ ಬಾಡು: ನನ್ನ ಅನುಭವ

ಕುದಿ ಬಂದ ತಪ್ಪಲೆಯನ್ನು ಒಲೆಯಿಂದ ಇಳಿಸಿ, ಭತ್ತದ ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ಹೂತಿಟ್ಟರೆ ಕುರಿಯ ಕತ್ತು, ಮುಂದೊಡೆಗಳು ತಾವಾಗಿಯೇ ಬೇಯುತ್ತವೆ ಎಂದಾಗ, ಬಾಡೂಟದ ಅಡುಗೆಯಲ್ಲೇ ತಲೆ ನರೆತ ನನ್ನ ಸೋದರಮಾವ ಮೊದಲು ನಕ್ಕರು. ಮೈಸೂರಿನಲ್ಲಿ ಭಾನುವಾರದ ಆರ್ಡರುಗಳನ್ನು ಎರಡು ವರ್ಷಗಳಿಂದ ಇದೇ ಪೆಟ್ಟಿಗೆಯಲ್ಲಿ ಬೇಯಿಸುತ್ತಿರುವುದರಿಂದ ಈಗ ಬರೆಯುವ ಧೈರ್ಯ ಬಂದಿದೆ.

ಸೋಲಿನ ಲೆಕ್ಕವನ್ನು ಮೊದಲು ಒಪ್ಪಿಸುತ್ತೇನೆ. ಆರಂಭದಲ್ಲಿ 1 ಕಿಲೋ ಮಾಂಸವನ್ನು ದೊಡ್ಡ ತಪ್ಪಲೆಯ ತಳದಲ್ಲಿ ಹಾಕಿ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ತೆರೆದರೆ ಸಾರು ಉಗುರುಬೆಚ್ಚಗಿತ್ತು, ಹುಳಿ ನಾತ ಮೂಗಿಗೆ ಬಡಿಯಿತು, ಎಂಟುನೂರು ರೂಪಾಯಿ ಚೆಲ್ಲಿಹೋಯಿತು. ಮರುವಾರ 5 ಕಿಲೋ ಇಟ್ಟಾಗ ಬಿಸಿಯೇನೋ ನಿಂತಿತು, ಆದರೆ ಪೆಟ್ಟಿಗೆಯಲ್ಲಿ ನೀರು ಆವಿಯಾಗುವುದಿಲ್ಲವೆಂಬುದನ್ನು ಮರೆತು ಕುಕ್ಕರಿನ ಅಳತೆಯಲ್ಲೇ ನೀರು ಸುರಿದಿದ್ದೆ. ಬಾಡು ಬೆಂದಿತ್ತು, ಸಾರು ಮಾತ್ರ ತೊಳೆದ ನೀರಿನಂತಿತ್ತು. ಅಂದು ಗಿರಾಕಿಗಳಿಗೆ ಹಿಂದಿರುಗಿಸಿದ ಹಣ ಸುಮಾರು ನಾಲ್ಕು ಸಾವಿರ.

ಆಮೇಲೆ ಆರುನೂರು ರೂಪಾಯಿಗೆ ಒಂದು ಥರ್ಮಾಮೀಟರು ಕೊಂಡೆ. ಅದರಿಂದಲೇ ದಾರಿ ತೆರೆಯಿತು. ಹತ್ತು ಲೀಟರಿನ ದಪ್ಪ ತಳದ ತಪ್ಪಲೆಯನ್ನು ಕಂಠದವರೆಗೆ ತುಂಬಿ, ಮೂಳೆಯ ಒಳಗೂ ಬಿಸಿ ಇಳಿಯುವಂತೆ ಅರ್ಧ ಗಂಟೆ ಬಿಡದೆ ಕುದಿಸಿ, ಮುಚ್ಚಳದ ಸುತ್ತ ಕಲಸಿದ ಹಿಟ್ಟು ಮೆತ್ತಿ, ಎಲ್ಲ ಕಡೆಯೂ ಒಂದು ಗೇಣು ಹುಲ್ಲು ಒತ್ತಿ ತುಂಬುತ್ತೇನೆ. ಐದು ಗಂಟೆಯ ಬಳಿಕವೂ ಒಳಗಿನ ಬಿಸಿ 72 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ನಡುರಾತ್ರಿ ಇಟ್ಟರೆ ಐದಕ್ಕೆಲ್ಲ ತೆಗೆದು, 65 ಡಿಗ್ರಿಗಿಂತ ಕೆಳಗಿಳಿಯಲು ಬಿಡದೆ, ಮತ್ತೆ ಚೆನ್ನಾಗಿ ಕುದಿಸುತ್ತೇನೆ. ಕಾಯಿ ಮಸಾಲೆ ಬೀಳುವುದು ಆ ಎರಡನೆಯ ಕುದಿಗೇ ಹೊರತು ಮೊದಲಿಗಲ್ಲ. ಬನ್ನೂರು ಕುರಿಯಾದರೆ ಮೇಲೆ ತೇಲುವ ಕೊಬ್ಬನ್ನು ಅಲ್ಲಿಯತನಕ ಮುಟ್ಟುವುದಿಲ್ಲ.

ಈ ನಡುವೆ ಬಾಡು ಬೇಗ ಮೆತ್ತಗಾಗಲೆಂದು ಪರಂಗಿಕಾಯಿಯನ್ನೂ ಅರೆದು ಸವರಿ ನೋಡಿದೆ. ತುಂಡಿನ ಹೊರಮೈ ಹಿಟ್ಟಾಯಿತು, ಒಳಗೆ ನಾರು ಹಾಗೆಯೇ ಉಳಿಯಿತು. ಹಿರಿಯರು ಹೇಳುವ ಅಡಿಕೆ ಚೂರು ಹಾಕಿದ್ದೂ ಆಯಿತು, ಹಾಕಿದ್ದಕ್ಕೂ ಹಾಕದ್ದಕ್ಕೂ ವ್ಯತ್ಯಾಸ ಕಾಣಲಿಲ್ಲ. ಬೇಯುವಾಗ ನಾನು ಹಾಕುವ ಬಟ್ಟೆಗಂಟಿನೊಳಗೆ ಏನಿದೆ ಎಂಬುದನ್ನು ಮಾತ್ರ ಇಲ್ಲಿ ಹೇಳಲಾರೆ, ಅದು ನನ್ನ ಹೊಟ್ಟೆಪಾಡು.

ಪೆಟ್ಟಿಗೆಗೆ ಹಳೆಯ ಪ್ಯಾಕಿಂಗ್ ಹಲಗೆ, ಮೊಳೆ ಸೇರಿ ಮುನ್ನೂರೈವತ್ತು ಖರ್ಚಾಯಿತು. ಹುಲ್ಲು ನೆಂಟರ ಗದ್ದೆಯದು. ಮೊದಲು 19 ಕಿಲೋ ಸಿಲಿಂಡರು ಮೂರು ಭಾನುವಾರಕ್ಕೆ ಮುಗಿಯುತ್ತಿತ್ತು, ಈಗ ಆರೇಳು ಬರುತ್ತದೆ.

ಕಾಲು ಸೂಪು ಮಾತ್ರ ಒಂದೇ ಸುತ್ತಿಗೆ ಬಗ್ಗುವುದಿಲ್ಲ. ನಡುವೆ ತೆಗೆದು ಕುದಿಸಿ ಮತ್ತೆ ಹೂಳಬೇಕು. ಹಾಗೆ ಎರಡು ಸುತ್ತು ಮಾಡಿದ ದಿನ ಮಾವ ಬಂದಿದ್ದರು. ಎರಡು ಬೆರಳಲ್ಲಿ ಮೂಳೆ ಹಿಡಿದೆಳೆದರೆ ತೊಳೆದಿಟ್ಟಂತೆ ಬೆಳ್ಳಗೆ ಹೊರಬಂತು, ತುಟಿಗೆ ತುಟಿ ಅಂಟುವಷ್ಟು ಸೂಪು ಗಟ್ಟಿಯಾಗಿತ್ತು. ಅವರು ಏನೂ ಹೇಳದೆ ಲೋಟ ಮುಂದೆ ಚಾಚಿದರು. ಹೊರಡುವಾಗ ಪೆಟ್ಟಿಗೆಯ ಉದ್ದಗಲವನ್ನು ಗೇಣಿನಲ್ಲಿ ಅಳೆದುಕೊಂಡು ಹೋದರು.