ಲಾಕ್‌ಡೌನ್ ಇಂಗ್ಲೆಂಡಿನಲ್ಲಿ ದೋಸೆ ಹಿಟ್ಟು ಉಬ್ಬಿಸುವುದು ಹೇಗೆ?

2020ರ ಮಾರ್ಚ್ 23ರ ರಾತ್ರಿ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಟಿವಿಯಲ್ಲಿ ಬಂದು ಮನೆಯಲ್ಲೇ ಇರಿ ಎಂದ ಮೇಲೆ, ಲಂಡನ್ನಿನ ಈಸ್ಟ್ ಹ್ಯಾಮ್‌ಗೆ ಹೋಗಿ ಮಸಾಲೆ ದೋಸೆ ತಿಂದು ಬರುವುದು ನಿಂತಿತು. ಅಂದಿನಿಂದ ಬೆಳಿಗ್ಗೆ ಬೆಳಿಗ್ಗೆಯೇ ವಿಡಿಯೊ ಕರೆಗಳು. ಹೆಚ್ಚಿನವರು ಓದಲು ಬಂದು ಇಲ್ಲೇ ಸಿಕ್ಕಿಕೊಂಡ ಹುಡುಗ ಹುಡುಗಿಯರು. ಬಟ್ಟಲು ತೋರಿಸಿ, "ಅಕ್ಕಾ, ಹಿಟ್ಟು ರಾತ್ರಿ ಇಟ್ಟ ಹಾಗೇ ಇದೆ" ಅನ್ನುತ್ತಿದ್ದರು. ಅವರಿಗಾಗಿ ಬರೆದದ್ದು ಇದು.

ಮೊದಲು ಅಕ್ಕಿ. ಇಡ್ಲಿ ಅಕ್ಕಿ ಸಿಗದಿದ್ದರೆ ಬಾಸ್ಮತಿಗೆ ಕೈ ಹಾಕಬೇಡಿ. ಸೂಪರ್‌ಮಾರ್ಕೆಟ್‌ನಲ್ಲಿ 'ಈಸಿ ಕುಕ್' ಎಂದು ಬರೆದ ಅಕ್ಕಿ ಇರುತ್ತದೆ. ಅದು ನಮ್ಮ ಕುಸುಬಲಕ್ಕಿಯ ಜಾತಿಯದೇ, ದೋಸೆಗೆ ಚೆನ್ನಾಗಿ ಒದಗುತ್ತದೆ. 3 ಲೋಟ ಅಕ್ಕಿಗೆ 1 ಲೋಟ ಉದ್ದಿನಬೇಳೆ, 1 ಚಮಚ ಮೆಂತ್ಯ. 6 ಗಂಟೆ ನೆನೆಸಿ. ಡಬ್ಬದ ತಳದಲ್ಲಿ ವರ್ಷದಿಂದ ಕೂತ ಹಳೇ ಉದ್ದು ಮಾತ್ರ ಬೇಡ, ಅದು ಉಬ್ಬುವುದಿಲ್ಲ.

ರುಬ್ಬಲು ಸ್ಮೂದಿ ಬ್ಲೆಂಡರ್ ಸಾಕು. ಜಾರು ಬಿಸಿಯಾಗದಂತೆ ಐಸ್ ನೀರು ಹಾಕಿ, ಸ್ವಲ್ಪ ಸ್ವಲ್ಪವೇ ರುಬ್ಬಿ. ಆಮೇಲೆ ಕೈಯಿಂದಲೇ ಐದು ನಿಮಿಷ ಕಲಸಿ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಹಿಟ್ಟು ಹುದುಗಲು 28ರಿಂದ 30 ಡಿಗ್ರಿ ಬೆಚ್ಚಗಿರಬೇಕು. ಇಲ್ಲಿ ರಾತ್ರಿ ಹೀಟಿಂಗ್ ಆರಿದರೆ ಅಡುಗೆಮನೆ 15ಕ್ಕೆ ಇಳಿಯುತ್ತದೆ. ಕಟ್ಟೆಯ ಮೇಲಿಟ್ಟ ಹಿಟ್ಟು ಹೇಗೆ ಏಳಬೇಕು? ಹಳೇ ಮನೆಯಾದರೆ ಬಿಸಿನೀರಿನ ಸಿಲಿಂಡರ್ ಇರುವ ಬೀರು, ಇಲ್ಲಿಯವರು ಏರಿಂಗ್ ಕಬರ್ಡ್ ಅನ್ನುತ್ತಾರಲ್ಲ, ಅದರೊಳಗೆ ಇಡಿ. ಟವೆಲ್ ಒಣಗಿಸುವ ಆ ಜಾಗಕ್ಕಿಂತ ಒಳ್ಳೆಯದು ಮನೆಯಲ್ಲಿ ಇನ್ನೊಂದಿಲ್ಲ. ಸಿಲಿಂಡರ್ ಇಲ್ಲದೆ ಬೇಕಾದಾಗಷ್ಟೇ ನೀರು ಕಾಯಿಸುವ ಕಾಂಬಿ ಬಾಯ್ಲರ್ ಇರುವ ಹೊಸ ಫ್ಲ್ಯಾಟಿನಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಅವನ್‌ನ ದೀಪವನ್ನಷ್ಟೇ ಹಾಕಿ ಒಳಗಿಡಿ, ಅವನ್ ಹೊತ್ತಿಸಬೇಡಿ. ಅರ್ಧ ಗಂಟೆ ಬಿಟ್ಟು ಕೈ ಇಟ್ಟು ನೋಡಿ. ಎಲ್‌ಇಡಿ ದೀಪವಾದರೆ ಬಿಸಿಯೇ ಇರುವುದಿಲ್ಲ, ಆಗ ಪಕ್ಕದಲ್ಲಿ ಒಂದು ಪಾತ್ರೆ ಕುದಿನೀರು ಇಟ್ಟು, ಮಲಗುವ ಮುಂಚೆ ಒಮ್ಮೆ ಬದಲಿಸಿ. ಅವನ್ ಬಾಗಿಲಿಗೆ 'ಒಳಗೆ ಹಿಟ್ಟಿದೆ' ಎಂದು ಚೀಟಿ ಅಂಟಿಸಿ. ಜೊತೆಯಲ್ಲಿರುವವರು ಪಿಜ್ಜಾಕ್ಕೆಂದು 200 ಡಿಗ್ರಿಗೆ ತಿರುಗಿಸಿ ಬಟ್ಟಲು ಸಮೇತ ಬೇಯಿಸಿದ್ದನ್ನು ಕಂಡಿದ್ದೇನೆ.

ಪಾತ್ರೆಯಲ್ಲಿ ಅರ್ಧ ಮಾತ್ರ ತುಂಬಿಸಿ, ಸಡಿಲವಾಗಿ ಮುಚ್ಚಿ. ಉಪ್ಪು ಹುದುಗಿದ ಮೇಲೆಯೇ ಹಾಕಿ. ಚಳಿಯಲ್ಲಿ ಮೊದಲೇ ಹಾಕಿದರೆ ಇನ್ನೂ ತಡ. 14 ಗಂಟೆಯಾದರೂ ಬೇಕು, ನಡುವೆ ತೆರೆದು ನೋಡಬೇಡಿ. ಒಂದು ಹನಿ ನೀರಿಗೆ ಬಿಟ್ಟಾಗ ತೇಲಿದರೆ ಹಿಟ್ಟು ಸಿದ್ಧ.

ಯೀಸ್ಟ್ ಹಾಕಿದರೆ ದೋಸೆ ಬ್ರೆಡ್ ವಾಸನೆ ಹೊಡೆಯುತ್ತದೆ. ಆ ಲಾಕ್‌ಡೌನಿನಲ್ಲಿ ಅಂಗಡಿಗಳಲ್ಲಿ ಯೀಸ್ಟೂ ಇರಲಿಲ್ಲ, ಬಿಡಿ. ಸೋಡಾ ಹಾಕಿದರೆ ಉಬ್ಬುತ್ತದೆ, ಹುಳಿ ಬರುವುದಿಲ್ಲ. ಪೊಟ್ಟಣದ ದೋಸೆ ಪುಡಿಯನ್ನಂತೂ ನಾನು ಯಾರಿಗೂ ಹೇಳುವುದಿಲ್ಲ.

ದೋಸೆ ಹುಯ್ಯುವುದು ನಿಮಗೆ ಗೊತ್ತು. ಉಳಿದ ಹಿಟ್ಟನ್ನು ಫ್ರಿಜ್‌ನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ, ಆದರೆ ಒಂದು ಸೌಟು ತೆಗೆದಿಡಿ. ಮುಂದಿನ ಸಲ ರುಬ್ಬಿದ ಹಿಟ್ಟಿಗೆ ಅದನ್ನು ಬೆರೆಸಿದರೆ ಎರಡು ಮೂರು ಗಂಟೆ ಮೊದಲೇ ಏಳುತ್ತದೆ.